ಭಾಷಣಕ್ಕೆ ಆಧಾರ ಹುಡುಕಲು ಶೋಧಗಂಗಾ, ಜೆಸ್ಟೋರ್, ಗೂಗಲ್ ಸ್ಕಾಲರ್: ನನಗೆ ಒದಗಿದ್ದು ಯಾವುದು?

ಹೋದ ವರ್ಷ ಭಾಷಣ ಸ್ಪರ್ಧೆ ಮುಗಿದ ಮೇಲೆ ತೀರ್ಪುಗಾರರೊಬ್ಬರು ಕರೆದು, "ಆ ಅಂಕಿ ಎಲ್ಲಿಂದ ತಂದೆಯಮ್ಮ?" ಎಂದು ಕೇಳಿದರು. ವಾಟ್ಸಾಪ್‌ನಲ್ಲಿ ಬಂದದ್ದು ಅಂತ ಹೇಳೋಕೆ ಬಾಯಿ ಬರಲಿಲ್ಲ. ಈ ಸಲದ ವಿಷಯ ಹಳೇ ಮೈಸೂರು ಸೀಮೆಯ ಕೆರೆಗಳು. ಐದು ನಿಮಿಷದ ಮಾತಿಗೆ ಮೂರು ಗಟ್ಟಿ ಆಧಾರ ಸಾಕಿತ್ತು. ಪಿಎಚ್.ಡಿ. ಪ್ರಬಂಧಗಳ ಭಂಡಾರ ಶೋಧಗಂಗಾ, ಸಂಶೋಧನಾ ಪತ್ರಿಕೆಗಳ ಹಳೇ ಸಂಚಿಕೆಗಳನ್ನು ಕೂಡಿಟ್ಟ ಜಾಲತಾಣ ಜೆಸ್ಟೋರ್, ಸಂಶೋಧನಾ ಬರಹಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್, ಈ ಮೂರೂ ಕಡೆ ಹುಡುಕಿದೆ. ಕೈಹಿಡಿದದ್ದು ಶೋಧಗಂಗಾ.

ತೊಡಕಾದದ್ದು ಒಂದೇ ಒಂದು ಪದ. ಇಂಗ್ಲಿಷಿನಲ್ಲಿ 'ಲೇಕ್' ಅಂತ ಹಾಕಿದರೆ ಬರೀ ಬೆಂಗಳೂರಿನ ಕೆರೆಗಳ ಮಾಲಿನ್ಯದ ಲೇಖನಗಳು. ತೂಬು, ಕಾಲುವೆ, ಕೆರೆ ನೀರುಣ್ಣುವ ಅಚ್ಚುಕಟ್ಟು ಜಮೀನಿನ ಸುದ್ದಿಯೇ ಇಲ್ಲ. ಎರಡು ಸಂಜೆ ಸುಮ್ನೆ ಹೋದವು. ಕೊನೆಗೆ ಲೈಬ್ರರಿ ಮೇಡಂ, "ನೀರಾವರಿ ಬಗ್ಗೆ ಬರೆಯುವವರು ಕೆರೆಗೆ ಟ್ಯಾಂಕ್ ಅಂತಾರೆ ಕಣಮ್ಮ" ಅಂದರು.

ಟ್ಯಾಂಕ್ ಅಂತಷ್ಟೇ ಹಾಕಿದರೆ ಯುದ್ಧದ ಟ್ಯಾಂಕೂ ಬರುತ್ತದೆ! 'ಟ್ಯಾಂಕ್ ಇರಿಗೇಷನ್' ಎರಡನ್ನೂ ಒಟ್ಟಿಗೆ ಉದ್ಧರಣ ಚಿಹ್ನೆಯೊಳಗಿಟ್ಟು, ಪಕ್ಕದಲ್ಲಿ 'ಮೈಸೂರ್' ಸೇರಿಸಿದೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರಲ್ಲಿ ಅಲ್ವಾ, ಅದಕ್ಕೂ ಹಿಂದಿನ ಬರಹ ಹಳೇ ಹೆಸರಿಗೇ ಸಿಗುತ್ತದೆ. ಕೆರೆಯ ನೀರು ಹಂಚುವ ನೀರಗಂಟಿಯ ಹೆಸರನ್ನಂತೂ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದಾರೆ. ಒಮ್ಮೆ ಎರಡು 'ಇ' ಹಾಕಿ, ಇನ್ನೊಮ್ಮೆ ಒಂದು 'ಐ' ಹಾಕಿ ಹುಡುಕಬೇಕು.

ಪದ ಸಿಕ್ಕ ಮೇಲೆ ಶೋಧಗಂಗಾ ತೆರೆದುಕೊಂಡಿತು. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಎಂಬ ಸಂಸ್ಥೆ ನಡೆಸುವ ಈ ಭಂಡಾರದಲ್ಲಿ ನಮ್ಮ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿವೆ. ಓದಲು ಲಾಗಿನ್ ಬೇಡ, ದುಡ್ಡೂ ಬೇಡ. ಒಂದು ಜಿಲ್ಲೆ, ಒಂದು ತಾಲ್ಲೂಕು ಹಿಡಿದು ಬರೆದವೂ ಸಿಗುತ್ತವೆ. ಪ್ರಬಂಧ ಅಧ್ಯಾಯಕ್ಕೊಂದರಂತೆ ಬಿಡಿ ಪಿಡಿಎಫ್‌ಗಳಲ್ಲಿರುತ್ತದೆ. ಮೊದಲ ಅಧ್ಯಾಯದಿಂದ ಶುರು ಮಾಡಬೇಡಿ. ಕೊನೆಯಲ್ಲಿರುವ ಗ್ರಂಥಸೂಚಿಯನ್ನೇ ಮೊದಲು ತೆಗೆಯಿರಿ. ಒಬ್ಬರು ವರ್ಷಗಟ್ಟಲೆ ಅಲೆದು ಕೂಡಿಹಾಕಿದ ಪಟ್ಟಿ ಅದು. ನಾನು ಅದರಿಂದ ಐದು ಲೇಖನಗಳ ಹೆಸರು ಬರೆದುಕೊಂಡೆ.

ಆ ಹೆಸರುಗಳನ್ನು ಹಿಡಿದು ಜೆಸ್ಟೋರ್‌ಗೆ ಹೋದೆ. ಉಚಿತ ಖಾತೆ ತೆರೆದರೆ ತಿಂಗಳಿಗೆ 100 ಲೇಖನ ಆನ್‌ಲೈನ್‌ನಲ್ಲಿ ಓದಬಹುದು. ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯ ಹಳೇ ಸಂಚಿಕೆಗಳೂ ಅಲ್ಲಿವೆ. ಪತ್ರಿಕೆಯ ಲೇಖನ ಚಿಕ್ಕದು, ಒಂದೇ ಕೂತಿನಲ್ಲಿ ಮುಗಿಯುತ್ತದೆ. ಆದರೆ ಉಚಿತ ಖಾತೆಯಲ್ಲಿ ಓದಲು ನೆಟ್ ಇರಲೇಬೇಕು. ನಾನು ಜಾಸ್ತಿ ಓದುವುದು ಊರಿಗೆ ಹೋಗುವ ಬಸ್ಸಿನಲ್ಲಿ, ದಾರಿಯಲ್ಲಿ ಅರ್ಧ ಗಂಟೆ ಸಿಗ್ನಲ್ ಇರುವುದಿಲ್ಲ. ಶೋಧಗಂಗಾದ ಪಿಡಿಎಫ್ ಆದರೆ ಫೋನಿನಲ್ಲೇ ಇರುತ್ತದೆ.

ಗೂಗಲ್ ಸ್ಕಾಲರ್‌ನಲ್ಲಿ ನನಗೆ ಇಷ್ಟವಾದದ್ದು 'ಸೈಟೆಡ್ ಬೈ' ಒಂದೇ. ಒಂದು ಹಳೇ ಲೇಖನವನ್ನು ಆಮೇಲೆ ಯಾರು ಯಾರು ಬಳಸಿದ್ದಾರೆ ಅಂತ ತೋರಿಸುತ್ತದೆ.

ಪ್ರಬಂಧದ ಅಂಕಿ ಅದನ್ನು ಬರೆದ ಕಾಲದ್ದು. ಹಾಗಾಗಿ ವೇದಿಕೆಯಲ್ಲಿ ಪ್ರತಿ ಅಂಕಿಯ ಜೊತೆ ವರ್ಷವನ್ನೂ ಹೇಳಿದೆ. ಈ ಸಲವೂ ಅದೇ ಪ್ರಶ್ನೆ ಬಂತು. ಚೀಟಿ ತೆಗೆದು ವಿಶ್ವವಿದ್ಯಾಲಯ, ವರ್ಷ, ಪುಟ ಮೂರನ್ನೂ ಓದಿದೆ.