ಬಾಗಿಲಿಗೆ ಬಂದ ಟಿಬಿ ತಪಾಸಣೆ: ನಮ್ಮ ಜೀನ್ಸ್ ಯೂನಿಟ್‌ನ ಅನುಭವ

ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಹೊಲಿಗೆ ಯೂನಿಟ್ ಇದೆ. ಒಂದೇ ಹಾಲ್, 9 ಮೆಷಿನ್, 11 ಜನ. ಕಳೆದ ವರ್ಷ ಸರ್ಕಾರದ ಟಿಬಿ ತಪಾಸಣೆಯವರು ಇಲ್ಲಿಗೇ ಬಂದರು. ಆ ಸೇವೆಗೆ 5ಕ್ಕೆ 4 ಸ್ಟಾರ್ ಕೊಡುತ್ತೇನೆ.

ನಮ್ಮಲ್ಲಿ ಹೊಲಿಯುವ ಒಬ್ಬ ಹುಡುಗನಿಗೆ ಒಂದೂವರೆ ತಿಂಗಳಿಂದ ಕೆಮ್ಮು. ಜೀನ್ಸ್ ಕೆಲಸದಲ್ಲಿ ಧೂಳು ಜಾಸ್ತಿ, ಸಂಜೆ ಮೂಗು ಒರೆಸಿದರೆ ಕರ್ಚೀಫೆಲ್ಲ ನೀಲಿ. ಧೂಳಿನ ಕೆಮ್ಮೇ ಇರಬೇಕು ಅಂದುಕೊಂಡೆವು. ಒಂದು ಕ್ಲಿನಿಕ್‌ನಲ್ಲಿ ಮೂರು ಸಲ ಸಿರಪ್ ಬರೆದುಕೊಟ್ಟರು, ಕಫ ಪರೀಕ್ಷೆ ಮಾಡಿಸಿ ಅಂತ ಹೇಳಲೇ ಇಲ್ಲ. ಸಂಜೆ ಸಂಜೆ ಜ್ವರ ಬರತೊಡಗಿತು. ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡಿದ್ದನ್ನು ನೋಡಿ ನನಗೆ ಭಯವಾಯಿತು. ನಾನೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಕಫವನ್ನು ಟ್ರೂನಾಟ್ ಯಂತ್ರಕ್ಕೆ ಹಾಕಿದರು. ಗೋವಾದ ಕಂಪನಿ ಮಾಡಿದ ಯಂತ್ರವಂತೆ. ಅದೇ ದಿನ ಟಿಬಿ ಅಂತ ಗೊತ್ತಾಯಿತು. ಒಂದು ಪೈಸೆ ಖರ್ಚಾಗಲಿಲ್ಲ.

ಮೂರನೇ ದಿನ ಆಶಾ ಅಕ್ಕ ಮತ್ತು ಟಿಬಿ ವಿಭಾಗದ ಒಬ್ಬರು ಬಂದರು. ಗಾಡಿಯನ್ನು ಓಣಿಯ ತುದಿಯಲ್ಲೇ ನಿಲ್ಲಿಸಿ ನಡೆದು ಬಂದಿದ್ದರು, ಅಕ್ಕಪಕ್ಕದವರು ಕೇಳಬಾರದು ಅಂತ. ಅದೇ ನನಗೆ ಮೊದಲು ಇಷ್ಟವಾಗಿದ್ದು. ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದರು: ಯಾರ ಜೊತೆ ಮಲಗುತ್ತೀಯ, ಯಾರ ಪಕ್ಕ ಕೆಲಸ ಮಾಡುತ್ತೀಯ, ರಜೆಯಲ್ಲಿ ಎಲ್ಲಿಗೆ ಹೋಗುತ್ತೀಯ? ಅವನು ರೂಮಿನ ನಾಲ್ಕು ಹುಡುಗರ ಹೆಸರು ಹೇಳಿ ಸುಮ್ಮನಾದ.

ಮುಂದಿನ ವಾರ ಅವರು ಮತ್ತೆ ಬಂದರು. ಈ ಸಲ ಬುಕ್ ತೆಗೆಯಲೇ ಇಲ್ಲ. ಚಹಾ ಕುಡಿಯುತ್ತಾ ಆಶಾ ಅಕ್ಕ "ಹಬ್ಬಕ್ಕೆ ಎಲ್ಲಿಗೆ ಹೋಗಿದ್ದೆಪ್ಪಾ?" ಅಂದರು. ಅವನ ಕಣ್ಣು ತುಂಬಿತು. ಕುರುಗೋಡಿನಲ್ಲಿ ಅಕ್ಕನ ಮನೆ, ಪ್ರತಿ ಭಾನುವಾರ ಅಲ್ಲೇ ಮಲಗುತ್ತಿದ್ದ. ಮೂರು ವರ್ಷದ ಮಗು ಅವನ ಎದೆ ಮೇಲೇ ಮಲಗುತ್ತಿತ್ತು. ಭಾವನ ಮನೆಯವರು ಅಕ್ಕನಿಗೆ ಏನಾದರೂ ಅಂದಾರು ಅಂತ ಮುಚ್ಚಿಟ್ಟಿದ್ದ. "ನಿನ್ನ ಹೆಸರು ನಾವು ಹೇಳಲ್ಲ, ಮಗು ನೋಡಿ ಬರ್ತೀವಿ ಅಷ್ಟೇ" ಅಂದರು. ಚಿಕಿತ್ಸೆ ಇಲ್ಲದೆ ಓಡಾಡುವ ಒಬ್ಬ ಟಿಬಿ ರೋಗಿಯಿಂದ ವರ್ಷಕ್ಕೆ 10ರಿಂದ 15 ಜನರಿಗೆ ಸೋಂಕು ತಗಲಬಹುದಂತೆ. ಇದನ್ನು ಕೇಳಿದಾಗ ನನ್ನ ಕಣ್ಣ ಮುಂದೆ ಬಂದಿದ್ದು ಆ ಮಗು.

ಮಗುವಿಗೆ ಕಾಯಿಲೆ ಇರಲಿಲ್ಲ. ಆದರೂ ಸಣ್ಣ ಮಕ್ಕಳಿಗೆ ಬೇಗ ಜೋರಾಗುತ್ತದೆ ಅಂತ ಮುನ್ನೆಚ್ಚರಿಕೆಗೆ 6 ತಿಂಗಳು ದಿನಾ ಮಾತ್ರೆ ಕೊಟ್ಟರು. ನಮ್ಮ ಯೂನಿಟ್‌ನ ಎಲ್ಲರದ್ದೂ ತಪಾಸಣೆಯಾಯಿತು. ಹುಡುಗನ ಎದುರು ಓವರ್‌ಲಾಕ್ ಮೆಷಿನ್‌ನಲ್ಲಿ ಕೂರುವ ಹೆಂಗಸಿಗೂ ಟಿಬಿ ಬಂದಿತ್ತು. ಅವರಿಗೆ ಇದ್ದಿದ್ದು ಸಣ್ಣ ಕೆಮ್ಮು. ಕೇಳುವವರು ಬರದಿದ್ದರೆ ಅವರು ಆಸ್ಪತ್ರೆ ಕಡೆ ತಲೆ ಹಾಕುತ್ತಲೂ ಇರಲಿಲ್ಲ.

ಕಫ ಕೊಡುವುದನ್ನೂ ಆಶಾ ಅಕ್ಕನೇ ಮಾಡಿ ತೋರಿಸಿದರು. ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಬಯಲಲ್ಲಿ ನಿಂತು, ಎರಡು ಸಲ ಉಸಿರು ಜೋರಾಗಿ ಎಳೆದು, ಎದೆಯಾಳದಿಂದ ಕೆಮ್ಮಬೇಕು. ಉಗುಳು ತುಂಬಿಸಿ ಕೊಟ್ಟರೆ ಉಪಯೋಗವಿಲ್ಲ. ತಟ್ಟೆ, ಲೋಟ ಬೇರೆ ಮಾಡಬೇಡಿ, ಇದು ಗಾಳಿಯಲ್ಲಿ ಹರಡುವುದು, ಕಿಟಕಿ ತೆಗೆಯಿರಿ ಅಂದರು. ರಸ್ತೆ ಧೂಳಿಗೆ ಹೆದರಿ ನಾವು ವರ್ಷಗಟ್ಟಲೆ ಮುಚ್ಚಿದ್ದ ಕಿಟಕಿಗಳವು. ಬಿಸಿಲಿನ ಝಳ ಬಂದರೂ ಈಗ ತೆಗೆದೇ ಇರುತ್ತವೆ.

ಚಿಕಿತ್ಸೆ 6 ತಿಂಗಳು. ಮಾತ್ರೆ ಶುರುವಾದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ ಅಂತ ಮೊದಲೇ ಹೇಳಿದ್ದರು. ಊಟದ ಖರ್ಚಿಗೆ ತಿಂಗಳಿಗೆ 1000 ರೂಪಾಯಿ ಬ್ಯಾಂಕಿಗೆ ಬರುತ್ತದೆ. 2024ರ ನವೆಂಬರ್‌ಗಿಂತ ಮೊದಲು 500 ಇತ್ತು. ಆಧಾರ್ ಮತ್ತು ಪಾಸ್‌ಬುಕ್ ಮೊದಲ ದಿನವೇ ಒಯ್ಯಿರಿ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಎಕ್ಸ್‌ರೇಗಾಗಿ. ನಮ್ಮವರು ಹೋದ ಒಂದು ಕೇಂದ್ರದಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಪೀಸ್ ಲೆಕ್ಕದಲ್ಲಿ ದುಡಿಯುವವರಿಗೆ ಅರ್ಧ ದಿನದ ಕೂಲಿ ಹೋದರೆ ಮತ್ತೆ ಕರೆದಾಗ ಹೋಗಲು ಮನಸ್ಸು ಬರುವುದಿಲ್ಲ ಅಲ್ವಾ? ನಾವು ಆ ದಿನದ ಕೂಲಿ ಕೊಟ್ಟೇ ಕಳಿಸಿದೆವು. ಬೇರೆ ಯೂನಿಟ್‌ನವರೂ ಹಾಗೆ ಮಾಡಿ ಅಂತ ಕೈಮುಗಿದು ಕೇಳುತ್ತೇನೆ.

ಎರಡು ವಾರ ದಾಟಿದ ಕೆಮ್ಮು ನಿಮ್ಮಲ್ಲೂ ಇದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಥವಾ ಟಿಬಿ ಸಹಾಯವಾಣಿ 1800-11-6666ಕ್ಕೆ ಫೋನ್ ಮಾಡಿ, ಅದಕ್ಕೂ ದುಡ್ಡಿಲ್ಲ. ಹುಡುಗ ಈಗ ಗುಣವಾಗಿ ಕೆಲಸಕ್ಕೆ ಬರುತ್ತಿದ್ದಾನೆ. ಭಾನುವಾರ ಕುರುಗೋಡಿಗೂ ಹೋಗುತ್ತಾನೆ.