ತರಗತಿಗೆ 12 ಇಂಚಿನ ಎಕ್ಸಾಸ್ಟ್ ಫ್ಯಾನ್: ಕಲಬುರಗಿ ಶಾಲೆಗಳು ಮೊದಲು ಕೊಳ್ಳಬೇಕಾದ ಸಾಮಾನು

ಸಾಂಕ್ರಾಮಿಕದ ಸುದ್ದಿ ಬಂದ ಕೂಡಲೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಖರೀದಿ ಪಟ್ಟಿ ಶುರುವಾಗುವುದು ಸ್ಯಾನಿಟೈಸರ್ ಕ್ಯಾನು, ಥರ್ಮಲ್ ಗನ್ನು, ಔಷಧ ಸಿಂಪಡಿಸುವ ಪಂಪಿನಿಂದ. ಎಕ್ಸಾಸ್ಟ್ ಫ್ಯಾನ್ ಅಡುಗೆ ಮನೆಯ ಸಾಮಾನು ಅಂತ ಆ ಪಟ್ಟಿಯಲ್ಲಿ ಸೇರುವುದೇ ಇಲ್ಲ. ನಮ್ಮ ತೀರ್ಪು ಉಲ್ಟಾ: ಇರುವ ದುಡ್ಡಿನಲ್ಲಿ ಮೊದಲು ಫ್ಯಾನ್, ಆಮೇಲೆ ಇಡೀ ಶಾಲೆಗೆ ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್, ಮಿಕ್ಕಿದ್ದು ಉಳಿದದ್ದರಲ್ಲಿ.

ದೇಶದ ಮೊದಲ ಕೋವಿಡ್ ಸಾವು ದಾಖಲಾಗಿದ್ದು ಕಲಬುರಗಿಯಲ್ಲೇ, 2020ರ ಮಾರ್ಚ್‌ನಲ್ಲಿ. ಆಗ ಎಲ್ಲರ ಭಯವೂ ಕೈಯ ಮೇಲೆ, ಬಾಗಿಲ ಚಿಲಕದ ಮೇಲೆ ಇತ್ತು. ಮುಚ್ಚಿದ ಕೋಣೆಯ ಗಾಳಿಯಲ್ಲಿ ತೇಲುವ ಸಣ್ಣ ಕಣಗಳಿಂದಲೇ ಈ ಸೋಂಕು ಹೆಚ್ಚು ಹರಡುತ್ತದೆ ಎಂಬುದು ಖಚಿತವಾಗುವ ಹೊತ್ತಿಗೆ ಶಾಲೆಗಳಿಗೆ ಬೀಗ ಬಿದ್ದು ಬಹಳ ದಿನವಾಗಿತ್ತು. ಒಂದರಿಂದ ಐದನೇ ತರಗತಿಯ ಮಕ್ಕಳು ನಮ್ಮ ರಾಜ್ಯದಲ್ಲಿ ಮತ್ತೆ ಶಾಲೆಗೆ ಬಂದದ್ದು 2021ರ ಅಕ್ಟೋಬರ್ 25ಕ್ಕೆ. ಒಂದೂವರೆ ವರ್ಷಕ್ಕೂ ಮಿಕ್ಕಿ ಸಣ್ಣ ಮಕ್ಕಳ ಓದು ನಿಂತಿತು. ಅಂಥ ದಿನ ಮತ್ತೆ ಬಂದರೆ ಶಾಲೆಯ ಬಾಗಿಲು ತೆರೆದೇ ಇರಬೇಕು ಅನ್ನುವವರು ಮೊದಲು ನೋಡಬೇಕಾದದ್ದು ಕೋಣೆಯ ಗಾಳಿಯನ್ನು.

ಲೆಕ್ಕ ಕಷ್ಟದ್ದಲ್ಲ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ 4,000 ಘನ ಅಡಿ ಗಾಳಿ ಇರುತ್ತದೆ. ಗಂಟೆಗೆ ಕನಿಷ್ಠ 5 ಸಲ ಅಷ್ಟೂ ಗಾಳಿ ಬದಲಾಗಲಿ ಎಂಬುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಕೊಟ್ಟ ಗುರಿ. ಅಂದರೆ ಗಂಟೆಗೆ 20,000 ಘನ ಅಡಿ, ಮೀಟರ್ ಲೆಕ್ಕದಲ್ಲಿ ಸುಮಾರು 566 ಘನ ಮೀಟರ್. ಫ್ಯಾನಿನ ಡಬ್ಬಿಯ ಮೇಲೆ 'ಏರ್ ಡೆಲಿವರಿ' ಅಂತ ಬರೆದಿರುವುದು ಮುಂದೆ ಹಿಂದೆ ಏನೂ ಅಡ್ಡ ಇಲ್ಲದಾಗಿನ ಅಂಕಿ. ಜಾಲರಿ, ಹೊರಗಿನ ಪಟ್ಟಿ ಮುಚ್ಚಳ, ರೆಕ್ಕೆಗೆ ಹತ್ತಿದ ಧೂಳು ಎಲ್ಲ ಸೇರಿದರೆ ಅರ್ಧದಷ್ಟು ಕೈಬಿಟ್ಟಿತು ಅಂತಲೇ ಹಿಡಿಯಿರಿ. ಆದ್ದರಿಂದ ಈ ಅಳತೆಯ ಕೋಣೆಗೆ ಡಬ್ಬಿಯ ಅಂಕಿ 1,100 ಘನ ಮೀಟರಿಗಿಂತ ಕಡಿಮೆ ಇರಬಾರದು. ಕೋಣೆ 30 ಅಡಿ ಉದ್ದದ್ದಾದರೆ ಒಂದು ಸಾಲದು, ಎರಡು ಬೇಕು.

ಕೊಳ್ಳುವಾಗ ಅಂಗಡಿಯವರು ಸಾಮಾನ್ಯವಾಗಿ ಮುಂದಿಡುವುದು 1,400 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು ತಿರುಗುವ) ಫ್ಯಾನು. ಗಾಳಿ ಜಾಸ್ತಿ ಎಳೆಯುತ್ತದೆ, ನಿಜ. ಆದರೆ ಅದರ ಸದ್ದಿನಲ್ಲಿ ಹಿಂದಿನ ಬೆಂಚಿಗೆ ಪಾಠ ಕೇಳಿಸುವುದಿಲ್ಲ, ಮಾಸ್ತರು ಹತ್ತು ನಿಮಿಷಕ್ಕೆ ಸ್ವಿಚ್ ಆರಿಸುತ್ತಾರೆ. ಆರಿಸಿದ ಫ್ಯಾನು ಎಷ್ಟು ದೊಡ್ಡದಾದರೇನು? ತರಗತಿಗೆ 900 ಆರ್‌ಪಿಎಂನದ್ದೇ ಸರಿ. ಒಂದು 1,400ರ ಬದಲು ಎರಡು 900 ಹಾಕಿದರೆ ಇನ್ನೂ ಒಳ್ಳೆಯದು, ಒಂದು ಕೆಟ್ಟರೂ ಇನ್ನೊಂದು ತಿರುಗುತ್ತಿರುತ್ತದೆ. ಲೋಹದ ರೆಕ್ಕೆ, ತಾಮ್ರದ ವೈಂಡಿಂಗ್, ಬಾಲ್ ಬೇರಿಂಗ್ ಇರುವುದನ್ನೇ ಕೇಳಿ. ಬೇರಿಂಗ್ ಬದಲು ಬರೀ ಬುಷ್ ಇರುವ ಅಗ್ಗದ ಮಾಲಿನೊಳಗೆ ನಮ್ಮ ಕಡೆಯ ಧೂಳು ಸೇರಿದರೆ ಎಣ್ಣೆ ಒಣಗಿ, ಕೀರಲು ಶುರುವಾಗಿ, ಕೊನೆಗೆ ಹಿಡಿದುಕೊಂಡು ನಿಲ್ಲುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೊಳ್ಳುವುದಾದರೆ ಕೌಂಟರಿನ ಮೇಲೇ ಐದು ನಿಮಿಷ ಓಡಿಸಿ, ಕೈಯಿಟ್ಟು ನಡುಕ ನೋಡಿಯೇ ಬಿಲ್ ಮಾಡಿಸಿ.

ಕೂರಿಸುವುದರಲ್ಲೇ ಹೆಚ್ಚಿನ ಶಾಲೆಗಳು ಎಡವುತ್ತವೆ. ಹಳೆಯ ಶಾಲೆಗಳದ್ದು ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ. ಅದನ್ನು ಒಡೆದು ತೂತು ಮಾಡಲು ಹೋಗಬೇಡಿ, ಮೇಲಿನ ಸಾಲಿನ ಕಲ್ಲು ಸಡಿಲಾಗುತ್ತದೆ. ಕಿಟಕಿಯ ಮೇಲಿನ ಒಂದು ಗಾಜು ತೆಗೆದು, ಆ ಚೌಕಟ್ಟಿನ ಅಳತೆಗೆ 12 ಮಿಲಿಮೀಟರ್ ದಪ್ಪದ ವಾಟರ್‌ಪ್ರೂಫ್ ಪ್ಲೈವುಡ್ ಕತ್ತರಿಸಿ. ಅದರಲ್ಲಿ ಫ್ಯಾನಿನ ಚೌಕಟ್ಟು ಕೂರುವಷ್ಟು ದುಂಡಗೆ ಕೊರೆದು, ನಾಲ್ಕು ಮೂಲೆಗೂ ರಬ್ಬರ್ ವಾಷರ್ ಹಾಕಿ ಬೋಲ್ಟ್ ಬಿಗಿಯಿರಿ. ವಾಷರ್ ಬಿಟ್ಟರೆ ಇಡೀ ಕಿಟಕಿ ಗುಂಯ್ ಅನ್ನುತ್ತದೆ. ಪ್ಲೈವುಡ್ಡಿಗೂ ಚೌಕಟ್ಟಿಗೂ ನಡುವಿನ ಸಂದಿಗೆ ಫೋಮ್ ಪಟ್ಟಿ ತುಂಬಿ, ಇಲ್ಲದಿದ್ದರೆ ಹೊರಗೆ ಹಾಕಿದ ಗಾಳಿ ಅದೇ ಸಂದಿಯಿಂದ ಒಳಗೆ ನುಸುಳುತ್ತದೆ. ಒಳಬದಿಗೆ ಮಕ್ಕಳ ಬೆರಳು ಹೋಗದಂಥ ತಂತಿ ಗಾರ್ಡ್, ಹೊರಬದಿಗೆ ಪಾರಿವಾಳ ತಡೆಯುವ ಅರ್ಧ ಇಂಚು ಕಣ್ಣಿನ ಜಾಲರಿ. ಸೊಳ್ಳೆ ಪರದೆಯ ಜಾಲರಿ ಅಲ್ಲಿ ಬೇಡ, ವಾರದೊಳಗೆ ಧೂಳು ಮುಚ್ಚಿ ಫ್ಯಾನಿನ ಉಸಿರು ಕಟ್ಟುತ್ತದೆ.

ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ಬೀಸುವುದು ಪಶ್ಚಿಮದ ಕಡೆಯಿಂದ. ಪಶ್ಚಿಮದ ಗೋಡೆಗೆ ಫ್ಯಾನ್ ಕೂರಿಸಿದರೆ ಹೊರಗಿನ ಗಾಳಿಯೊಂದಿಗೆ ಗುದ್ದಾಡುವುದರಲ್ಲೇ ಅದರ ಶಕ್ತಿ ಮುಗಿಯುತ್ತದೆ. ಆದಷ್ಟು ಪೂರ್ವದ ಗೋಡೆಗೆ, ಎತ್ತರದಲ್ಲಿ ಹಾಕಿ. ಗಾಳಿ ಒಳಗೆ ಬರಲು ಎದುರು ಗೋಡೆಯ ಕಿಟಕಿ ತೆರೆದಿರಲಿ, ಅದರ ಒಂದು ಕದ ಪೂರ್ತಿ ತೆರೆದರೂ ಸಾಕು. ಫ್ಯಾನಿನ ಪಕ್ಕದ ಕಿಟಕಿ ಮಾತ್ರ ಮುಚ್ಚಿರಬೇಕು. ಅದು ತೆರೆದಿದ್ದರೆ ಅಲ್ಲಿಂದ ಬಂದ ಗಾಳಿ ಅಲ್ಲಿಂದಲೇ ಹೊರಗೆ ಹೋಗುತ್ತದೆ, ಕೋಣೆಯ ನಡುವೆ ಕೂತ ಮಕ್ಕಳಿಗೆ ಏನೂ ಸಿಗುವುದಿಲ್ಲ. ಇನ್ನೊಂದು ಎಚ್ಚರಿಕೆ: ವರಾಂಡದ ಕಡೆ ಫ್ಯಾನ್ ತಿರುಗಿಸಿದರೆ ಈ ಕ್ಲಾಸಿನ ಉಸಿರು ನೇರ ಪಕ್ಕದ ಕ್ಲಾಸಿನ ಬಾಗಿಲಿಗೆ ಹೋಗುತ್ತದೆ.

ಸರಿಯಾಗಿ ಕೂತಿದೆಯೋ ಇಲ್ಲವೋ ತಿಳಿಯಲು ಒಂದು ಊದುಬತ್ತಿ ಸಾಕು. ಫ್ಯಾನ್ ಹಾಕಿ, ತೆರೆದ ಕಿಟಕಿಯ ಹೊರಬದಿಗೆ ಹೊಗೆ ಹಿಡಿಯಿರಿ. ಹೊಗೆಯ ಎಳೆ ಬಾಗಿ ಒಳಗೆ ಬಂದು, ಬೆಂಚುಗಳ ಮೇಲೆ ಹಾದು, ಮೇಲಕ್ಕೆದ್ದು ಫ್ಯಾನಿನ ಕಡೆ ಸಾಗಬೇಕು. ಕಿಟಕಿಯ ಬಳಿಯೇ ಸುತ್ತು ಹಾಕುತ್ತ ನಿಂತರೆ ಎಲ್ಲೋ ಅಡ್ಡದಾರಿ ಇದೆ, ಬಾಗಿಲ ಸಂದಿ, ಮೇಲಿನ ವೆಂಟಿಲೇಟರ್ ನೋಡಿ. ಹೊಗೆ ಹೊರಕ್ಕೇ ತಳ್ಳಿಕೊಂಡು ಹೋದರೆ ಫ್ಯಾನನ್ನು ತಿರುವುಮುರುವು ಕೂರಿಸಿದ್ದಾರೆ. ಈ ತಪ್ಪು ಅಂದುಕೊಂಡಷ್ಟು ಅಪರೂಪದ್ದಲ್ಲ. ಮೇಲಿನ ಸೀಲಿಂಗ್ ಫ್ಯಾನ್ ಇದೆಯಲ್ಲ ಅನ್ನುವವರಿಗೆ ಒಂದು ಮಾತು: ಅದು ಒಳಗಿನ ಗಾಳಿಯನ್ನೇ ಕಲಕುತ್ತದೆ, ಬದಲಾಯಿಸುವುದಿಲ್ಲ.

ಕೊರತೆಯನ್ನೂ ಹೇಳಲೇಬೇಕು. ಏಪ್ರಿಲ್‌ನಲ್ಲಿ ಪಾರಾ 40 ಡಿಗ್ರಿ ದಾಟಿದಾಗ ಎಕ್ಸಾಸ್ಟ್ ಫ್ಯಾನ್ ಒಳಗೆ ಎಳೆಯುವುದು ಬಿಸಿ ಗಾಳಿಯನ್ನೇ. ಆಗ ಕಿಟಕಿ ಮುಚ್ಚಬೇಕು ಅನ್ನಿಸುವುದು ಸಹಜ, ಆದರೆ ಅಪಾಯ ಇರುವುದೂ ಅಲ್ಲಿಯೇ. ಒಳಗೆ ಬರುವ ಗಾಳಿಯನ್ನು ಬಿಸಿಲು ಬೀಳುವ ಅಂಗಳದ ಕಡೆಯಿಂದ ತೆಗೆದುಕೊಳ್ಳಬೇಡಿ, ವರಾಂಡದ ನೆರಳಿನಿಂದ ಅಥವಾ ಬೇವಿನ ಮರದ ಕಡೆಯ ಕಿಟಕಿಯಿಂದ ತೆಗೆದುಕೊಳ್ಳಿ. ಬೆಳಗಿನ ಶಾಲೆ ಇರುವ ದಿನಗಳಲ್ಲಿ ಮಕ್ಕಳು ಬರುವ ಅರ್ಧ ಗಂಟೆ ಮೊದಲೇ ಫ್ಯಾನ್ ಹಾಕಿದರೆ ಹಿಂದಿನ ದಿನ ಕಾದ ಗೋಡೆಯ ಬಿಸಿಯೂ ಒಂದಷ್ಟು ಹೊರಹೋಗುತ್ತದೆ. ಪತ್ರಾಸಿನ (ತಗಡಿನ) ಚಾವಣಿಯ ಕೋಣೆಗೆ ಮಾತ್ರ ಇದು ಯಾವುದೂ ಸಾಲದು, ಅಲ್ಲಿನ ಮಕ್ಕಳನ್ನು ಮರದ ಕೆಳಗೆ ಕೂರಿಸುವುದೇ ಮೇಲು. ಕರೆಂಟಿನ ಖರ್ಚು ದೊಡ್ಡದಲ್ಲ: 50 ವ್ಯಾಟಿನ ಫ್ಯಾನ್ ದಿನಕ್ಕೆ 6 ಗಂಟೆ ಓಡಿದರೆ 0.3 ಯೂನಿಟ್, 25 ದಿನಕ್ಕೆ ಏಳೂವರೆ ಯೂನಿಟ್. ಜೆಸ್ಕಾಂ ಕರೆಂಟ್ ಹೋದಾಗ ಫ್ಯಾನಿನ ಪಕ್ಕದ ಮುಚ್ಚಿದ ಕಿಟಕಿಯನ್ನೂ ತೆರೆಯಬೇಕು ಎಂಬುದನ್ನು ಸ್ವಿಚ್ಚಿನ ಮೇಲೇ ಬರೆದು ಅಂಟಿಸಿ.

ಕಾರ್ಬನ್ ಡೈಆಕ್ಸೈಡ್ ಮೀಟರ್ ಯಾಕೆ? ಮಕ್ಕಳು ಬಿಟ್ಟ ಉಸಿರು ಕೋಣೆಯಲ್ಲಿ ಎಷ್ಟು ಉಳಿದಿದೆ ಎಂದು ತೋರಿಸಲು. ಹೊರಗಿನ ಗಾಳಿಯಲ್ಲಿ ಇದು 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲಿನ ಆಸುಪಾಸು. ಮೇಲೆ ಹೇಳಿದ ಕೋಣೆಯಲ್ಲಿ 40 ಮಕ್ಕಳನ್ನು ಕೂರಿಸಿ ಕಿಟಕಿ ಬಾಗಿಲು ಮುಚ್ಚಿದರೆ ಕಾಲು ಗಂಟೆಗೆಲ್ಲ 1,500 ತಲುಪುತ್ತದೆ. ಗಂಟೆಗೆ 5 ಸಲ ಗಾಳಿ ಬದಲಾದರೂ 40 ಮಕ್ಕಳಿಗೆ ಅದು ನಿಲ್ಲುವುದು 1,300-1,400ರ ಹತ್ತಿರ. 20 ಮಕ್ಕಳಾದರೆ 900ರ ಹತ್ತಿರ. ಒಳ್ಳೆಯ ಗಾಳಿ ಅನ್ನಲು 800ರ ಒಳಗಿರಬೇಕು. ಒಂದು ಫ್ಯಾನ್ ಹಾಕಿ ಕೈತೊಳೆದುಕೊಳ್ಳುವಂತಿಲ್ಲ ಅನ್ನುವುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ. ಎಲ್ಲ ಕಿಟಕಿ ತೆರೆಯುವುದು, ತರಗತಿಯನ್ನು ಎರಡು ಪಾಳಿ ಮಾಡುವುದು, ಎರಡನೇ ಫ್ಯಾನ್ ಹಾಕುವುದು, ಇವುಗಳಲ್ಲಿ ಒಂದಾದರೂ ಜೊತೆಗಿರಬೇಕು.

ಮೀಟರ್ ಕೊಳ್ಳುವಾಗ 'ಎನ್‌ಡಿಐಆರ್' (ಅವಗೆಂಪು ಬೆಳಕಿನಿಂದ ಅಳೆಯುವ) ಸೆನ್ಸರ್ ಎಂದು ಬರೆದಿರುವುದನ್ನೇ ತೆಗೆದುಕೊಳ್ಳಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಮೀಟರುಗಳು ಬೇರೆ ಆವಿಗಳನ್ನು ಅಳೆದು ಅಂದಾಜಿನ ಮೇಲೆ ಒಂದು ಅಂಕಿ ತೋರಿಸುತ್ತವೆ. ಪರೀಕ್ಷೆ ಹೀಗೆ: ಹತ್ತಿಗೆ ಸ್ಯಾನಿಟೈಸರ್ ಹಚ್ಚಿ ಮೀಟರಿನ ಹತ್ತಿರ ಹಿಡಿಯಿರಿ. ಅಂಕಿ ಸರ್ರನೆ ಸಾವಿರಗಳಿಗೆ ಏರಿದರೆ ಅದು ಉಸಿರನ್ನಲ್ಲ, ಸ್ಪಿರಿಟ್ಟನ್ನು ಅಳೆಯುತ್ತಿದೆ, ವಾಪಸ್ ಕೊಡಿ. ಒಳ್ಳೆಯ ಮೀಟರ್ ಅಲುಗಾಡುವುದಿಲ್ಲ, ಬಾಯಿಂದ ಊದಿದಾಗ ಮಾತ್ರ ಏರುತ್ತದೆ. ವಾರಕ್ಕೊಮ್ಮೆ ಬಯಲಿನಲ್ಲಿ ಅರ್ಧ ಗಂಟೆ ಇಡಿ, ಇಲ್ಲದಿದ್ದರೆ ತಾನೇ ಸರಿಹೊಂದಿಸಿಕೊಳ್ಳುವ ಮಾದರಿಗಳು ಕೋಣೆಯ ಕೆಟ್ಟ ಗಾಳಿಯನ್ನೇ ಹೊರಗಾಳಿ ಎಂದು ತಿಳಿಯುತ್ತವೆ. ಕೋಣೆಗೊಂದು ಬೇಕಿಲ್ಲ. ದಿನಕ್ಕೊಂದು ಕೋಣೆಯಲ್ಲಿ, ಕಿಟಕಿಯಿಂದಲೂ ಮಕ್ಕಳ ಮುಖದಿಂದಲೂ ದೂರ, ಮೇಜಿನೆತ್ತರಕ್ಕೆ ಇಟ್ಟು ಪಾಠದ ಕೊನೆಯ ಹತ್ತು ನಿಮಿಷದ ಅಂಕಿ ಬರೆದುಕೊಂಡರೆ ಯಾವ ಕೋಣೆಗೆ ಮೊದಲು ಫ್ಯಾನ್ ಬೇಕು ಎಂದು ಗೊತ್ತಾಗುತ್ತದೆ.

ಒಂದೇ ಗೋಡೆಗೆ ಕಿಟಕಿ ಇರುವ ಕಂಪ್ಯೂಟರ್ ಕೋಣೆಗೆ ಫಿಲ್ಟರ್ ಪೆಟ್ಟಿಗೆ ನೋಡಬಹುದು. 2020ರಲ್ಲಿ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂತಾಲ್ ರೂಪಿಸಿದ ಈ ಪೆಟ್ಟಿಗೆಗೆ ಬೇಕಾದದ್ದು 20 ಇಂಚು ಚೌಕದ ನಾಲ್ಕು ಮರ್ವ್-13 (ಸಣ್ಣ ಕಣ ಹಿಡಿಯುವ ಒಂದು ದರ್ಜೆ) ಫಿಲ್ಟರ್, ಕೆಳಗೊಂದು ರಟ್ಟು, ಮೇಲೊಂದು ಫ್ಯಾನ್, ಡಕ್ಟ್ ಟೇಪ್. ಫಿಲ್ಟರಿನ ಬಾಣದ ಗುರುತು ಪೆಟ್ಟಿಗೆಯ ಒಳಕ್ಕೆ, ಫ್ಯಾನಿನ ಗಾಳಿ ಮೇಲಕ್ಕೆ. ಅಮೆರಿಕದವರು ಬಳಸುವ ಚೌಕಾಕಾರದ ಬಾಕ್ಸ್ ಫ್ಯಾನ್ ನಮ್ಮ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಪ್ಲೈವುಡ್ಡಿನ ಮೇಲೆ 15 ಇಂಚಿನ ಎಕ್ಸಾಸ್ಟ್ ಫ್ಯಾನ್ ಕೂರಿಸಿ ಮಾಡಬಹುದು. ತೊಂದರೆ ಇರುವುದು ಫಿಲ್ಟರಿನಲ್ಲಿ. ತೊಗರಿ ರಾಶಿಯ ದಿನಗಳಲ್ಲಿ, ಶಹಾಬಾದ್, ಸೇಡಂ ಕಡೆಯ ಕಲ್ಲಿನ ಧೂಳಿನಲ್ಲಿ ಅದು ಬೇಗ ತುಂಬಿಕೊಳ್ಳುತ್ತದೆ. ತೊಳೆದು ಮತ್ತೆ ಹಾಕುವಂತಿಲ್ಲ, ನೀರು ಬಿದ್ದರೆ ಎಳೆಗಳ ಮೇಲಿನ ವಿದ್ಯುತ್ ಅಂಶ ಹೋಗಿ ಸಣ್ಣ ಕಣ ಹಿಡಿಯುವ ಶಕ್ತಿ ಕುಂದುತ್ತದೆ. ಹೊಸ ಫಿಲ್ಟರಿಗೆ ಹೈದರಾಬಾದಿಗೆ ಆರ್ಡರ್ ಕೊಡಬೇಕಾಗಬಹುದು. ಹಳ್ಳಿ ಶಾಲೆಗೆ ಇದನ್ನು ನಾವು ಹೇಳುವುದಿಲ್ಲ. ಇನ್ನೊಂದು, ಈ ಪೆಟ್ಟಿಗೆ ಕಣಗಳನ್ನು ಹಿಡಿಯುತ್ತದೆಯೇ ಹೊರತು ಕಾರ್ಬನ್ ಡೈಆಕ್ಸೈಡ್ ಇಳಿಸುವುದಿಲ್ಲ. ಮೀಟರ್ ನೋಡಿ ಪೆಟ್ಟಿಗೆ ಕೆಲಸ ಮಾಡುತ್ತಿಲ್ಲ ಅಂದುಕೊಳ್ಳಬೇಡಿ.

ಥರ್ಮಲ್ ಗನ್ನಿಗೆ ನಾವು ಕೊಡುವ ಅಂಕ ಕಡಿಮೆ. ಬಿಸಿಲಲ್ಲಿ ನಡೆದು ಬಂದ ಮಗುವಿನ ಹಣೆ ಜ್ವರವಿಲ್ಲದೆಯೂ ಸುಡುತ್ತಿರುತ್ತದೆ. ನೆರಳಿನಲ್ಲಿ 15 ನಿಮಿಷ ಕೂರಿಸದೆ ತೆಗೆದ ಅಂಕಿಗೆ ಅರ್ಥವಿಲ್ಲ, ಲಕ್ಷಣವಿಲ್ಲದ ಸೋಂಕು ಅದಕ್ಕೆ ಕಾಣುವುದೇ ಇಲ್ಲ. ಮಕ್ಕಳ ಮೇಲೆ ಔಷಧ ಸಿಂಪಡಿಸುವ ಟನೆಲ್ಲು, ಪಂಪು ಬೇಡವೇ ಬೇಡ: ಕೇಂದ್ರ ಆರೋಗ್ಯ ಸಚಿವಾಲಯವೇ 2020ರ ಏಪ್ರಿಲ್‌ನಲ್ಲಿ ಇದನ್ನು ಮಾಡಬಾರದು ಎಂದು ಹೇಳಿದೆ. ಬೆಂಚು, ಚಿಲಕ ಒರೆಸಲು 5 ಶೇಕಡಾ ಹೈಪೋಕ್ಲೋರೈಟ್ 20 ಮಿಲಿಲೀಟರನ್ನು 980 ಮಿಲಿಲೀಟರ್ ನೀರಿಗೆ ಬೆರೆಸಿದರೆ ಸಾಕು. ಇದನ್ನು ಆ ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳಿ. ಕ್ಯಾನನ್ನು ಬಿಸಿಲು ಬೀಳುವ ಕೋಣೆಯಲ್ಲಿಟ್ಟರೆ ಸತ್ವ ಹೋಗುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದಿಗೂ ಬೆರೆಸಬೇಡಿ, ಏಳುವ ಕ್ಲೋರಿನ್ ಅನಿಲ ಎದೆಗೆ ಅಪಾಯ.

ಕೈ ತೊಳೆಯಲು ಸ್ಯಾನಿಟೈಸರಿಗಿಂತ ಸಾಬೂನು ಅಗ್ಗ. ಒಂದೂವರೆ ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಸೋಪಿನ ಪುಡಿ ಕಲಸಿ, ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಲ್ಲಿ ತುಂಬಿ ನಲ್ಲಿಯ ಪಕ್ಕ ಕಟ್ಟಿ. ತಲೆಗೆ ಅರ್ಧ ಲೀಟರ್ ನೀರು ಅಂದರೂ 200 ಮಕ್ಕಳು ದಿನಕ್ಕೆ ಎರಡು ಸಲ ತೊಳೆಯಲು 200 ಲೀಟರ್ ಬೇಕು. ಬೇಸಿಗೆಯಲ್ಲಿ ಅಷ್ಟು ನೀರು ಎಲ್ಲಿಂದ ಅನ್ನುವುದು ನಿಶ್ಚಯವಾಗದೆ ಕಾಲಿನಿಂದ ಒತ್ತುವ ಸ್ಟ್ಯಾಂಡ್ ಕೊಳ್ಳಬೇಡಿ. ಕೊಂಡರೆ ಪೆಡಲಿನ ತಂತಿ ಸೈಕಲ್ ಬ್ರೇಕಿನದ್ದೇ ಇರಲಿ, ಹರಿದರೆ ಯಾವ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ.

ಫ್ಯಾನಿನ ಮಾತಿಗೇ ಮರಳಿದರೆ, ಕೂರಿಸಿದ ಮೇಲೆ ಮರೆತರೆ ಅದು ವರ್ಷವೂ ಬಾಳುವುದಿಲ್ಲ. ತಿಂಗಳಿಗೊಮ್ಮೆ, ತೊಗರಿ ರಾಶಿಯ ಹೊತ್ತಿಗೆ ಹದಿನೈದು ದಿನಕ್ಕೊಮ್ಮೆ, ಮೇನ್ ಸ್ವಿಚ್ ತೆಗೆದು ಒದ್ದೆ ಬಟ್ಟೆಯಿಂದ ರೆಕ್ಕೆ ಒರೆಸಿ. ಒಂದೇ ರೆಕ್ಕೆ ಒರೆಸಿ ಬಿಟ್ಟರೆ ತೂಕ ತಪ್ಪಿ ನಡುಗುತ್ತದೆ, ಎಲ್ಲವನ್ನೂ ಒರೆಸಿ. ಹೊರಗಿನ ಜಾಲರಿಗೆ ಹಳೆಯ ಹಲ್ಲುಜ್ಜುವ ಬ್ರಷ್. ತಿರುಗಲು ತಡಮಾಡಿ, ಕೈಯಿಂದ ನೂಕಿದರೆ ಮಾತ್ರ ಓಡುವ ಫ್ಯಾನಿನ ಮೋಟರ್ ಸುಟ್ಟಿದೆ ಅಂದುಕೊಳ್ಳಬೇಡಿ. ಬಹುಪಾಲು ಕೆಪಾಸಿಟರ್ ಸೋತಿರುತ್ತದೆ, ಅದರ ಮೇಲೆ ಬರೆದ ಅಳತೆಯದ್ದೇ ಹೊಸದು ಹಾಕಿಸಿದರೆ ಮತ್ತೆ ತಿರುಗುತ್ತದೆ.