ದುಬ್ರೋವ್ನಿಕ್‌ಗೆ ಅಪ್ಪ-ಅಮ್ಮನನ್ನು ಕರೆದೊಯ್ಯುವವರು ಮೊದಲು ಮೆಟ್ಟಿಲ ಲೆಕ್ಕ ಕೇಳಿ

ಜರ್ಮನಿಯಲ್ಲೋ ನೆದರ್‌ಲ್ಯಾಂಡ್ಸ್‌ನಲ್ಲೋ ಕೆಲಸದಲ್ಲಿದ್ದು, ಬೇಸಿಗೆಗೆ ಊರಿಂದ ಬರುವ ಅಪ್ಪ-ಅಮ್ಮನಿಗೆ ಸಮುದ್ರದಂಚಿನ ಹಳೇ ಕೋಟೆಯೂರು ತೋರಿಸಬೇಕು ಅಂತ ಹುಡುಕುತ್ತಿದ್ದರೆ ಕ್ರೊಯೇಷಿಯಾದ ದುಬ್ರೋವ್ನಿಕ್ ಕಣ್ಣಿಗೆ ಬಿದ್ದೇ ಬೀಳುತ್ತದೆ. ಗೋಡೆಯೊಳಗೆ ವಾಹನಗಳಿಲ್ಲ, ಎಲ್ಲವೂ ನಡೆದೇ ನೋಡಬಹುದು ಅಂತ ಎಲ್ಲರೂ ಬರೆಯುತ್ತಾರೆ. ಸುಳ್ಳೇನಲ್ಲ. ಮೆಟ್ಟಿಲ ವಿಷಯ ಮಾತ್ರ ಬಾಯಿ ಬಿಡುವುದಿಲ್ಲ.

ನಾವು ಬುಕ್ ಮಾಡಿದ ಮನೆಯ ವಿವರದಲ್ಲಿ ‘ಸ್ತ್ರಾದುನ್‌ನಿಂದ ಎರಡೇ ನಿಮಿಷ’ ಅಂತಿತ್ತು. ಕೋಟೆಯ ಪಿಲೆ ಬಾಗಿಲ ಹತ್ತಿರದಿಂದ ಹಳೇ ಬಂದರಿನ ಕಡೆಗೆ ಊರ ನಡುವೆ ಹಾಯುವ, ಸುಮಾರು 300 ಮೀಟರ್ ಉದ್ದದ ಬೀದಿಯೇ ಸ್ತ್ರಾದುನ್. ಅಮ್ಮನಿಗೆ ಮಂಡಿನೋವು, ಹತ್ತುವುದೇನಾದರೂ ಇದೆಯಾ ಅಂತ ಮೊದಲೇ ಮೆಸೇಜ್ ಹಾಕಿ ಕೇಳಿದ್ದೆವು. ‘ಸ್ವಲ್ಪ ಮೆಟ್ಟಿಲಿದೆ, ತೊಂದರೆಯಿಲ್ಲ’ ಅಂತ ಮಾಲೀಕನ ಉತ್ತರ ಬಂತು. ಹೋಗಿ ನೋಡಿದರೆ ಮನೆ ಇದ್ದದ್ದು ಉತ್ತರ ಭಾಗದ ಗಲ್ಲಿಯ ತುತ್ತತುದಿಯಲ್ಲಿ, ಕೋಟೆಗೋಡೆಗೆ ಅಂಟಿಕೊಂಡ ಹಾಗೆ. ಎದುರಿಂದ ಯಾರಾದರೂ ಬಂದರೆ ಪಕ್ಕಕ್ಕೆ ಒತ್ತಿ ನಿಲ್ಲಬೇಕಾದಷ್ಟು ಇಕ್ಕಟ್ಟು. ಬೀದಿಯ ಮೆಟ್ಟಿಲುಗಳೇ ನೂರು ದಾಟಿದವು, ಮನೆಯೊಳಗೆ ಮತ್ತೆ ಎರಡು ಮಹಡಿ. ಸೂಟ್‌ಕೇಸಿನ ಚಕ್ರಕ್ಕೆ ಅಲ್ಲಿ ಕೆಲಸವೇ ಇಲ್ಲ, ಹೊರಬೇಕು. ಅಮ್ಮ ಎಂಟ್ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಯಾರದೋ ಬಾಗಿಲ ಚೌಕಟ್ಟು ಹಿಡಿದು ಸುಧಾರಿಸಿಕೊಳ್ಳುತ್ತಿದ್ದಳು. ‘ನಮ್ಮ ಚಾಮುಂಡಿ ಬೆಟ್ಟನೇ ವಾಸಿ ಕಣೇ, ಬಸ್ಸಾದರೂ ಹೋಗುತ್ತೆ’ ಅಂದರು ಅಪ್ಪ. ಅಮ್ಮನಿಗೆ ನಗುವಷ್ಟು ಉಸಿರಿರಲಿಲ್ಲ.

ಬೇರೆ ಕಡೆ ಹೋಗುತ್ತೇವೆ, ಉಳಿದ ದಿನಗಳ ದುಡ್ಡು ಕೊಡಿ ಅಂದರೆ, ‘ಮೆಟ್ಟಿಲಿದೆ ಅಂತ ಹೇಳಿದ್ದೆನಲ್ಲ’ ಅಂತ ಮಾಲೀಕ ತನ್ನ ಹಳೇ ಮೆಸೇಜನ್ನೇ ತೋರಿಸಿದ. ಒಂದು ಸೆಂಟೂ ವಾಪಸ್ ಬರಲಿಲ್ಲ.

ಆ ಊರಿನ ರಚನೆಯೇ ಹಾಗೆ. ಈಗ ಸ್ತ್ರಾದುನ್ ಇರುವ ಜಾಗದಲ್ಲಿ ಒಂದು ಕಾಲಕ್ಕೆ ಸಮುದ್ರದ ನೀರಿತ್ತು. ಒಂದು ಕಡೆ ಬಂಡೆಯ ದ್ವೀಪ, ಇನ್ನೊಂದು ಕಡೆ ಬೆಟ್ಟದ ಬುಡ. ನಡುವಿನ ನೀರನ್ನು ತುಂಬಿಸಿ ಎರಡನ್ನೂ ಒಂದು ಮಾಡಿದರು. ಹಾಗಾಗಿ ಸಮತಟ್ಟು ಅನ್ನುವುದು ನಡುವಿನ ಪಟ್ಟಿಯಲ್ಲಿ, ಗುಂಡುಲಿಚ್ ಚೌಕದಲ್ಲಿ, ಕಥೀಡ್ರಲ್ ಮತ್ತು ಹಳೇ ಬಂದರಿನ ಆಸುಪಾಸಿನಲ್ಲಿ. ಅಲ್ಲಿಂದ ಆಚೆ ಹೆಚ್ಚಿನ ಗಲ್ಲಿಗಳಿಗೆ ಏರೇ ಗತಿ, ಉತ್ತರದವಂತೂ ಬರೀ ಮೆಟ್ಟಿಲು. ಮ್ಯಾಪಿನಲ್ಲಿ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತದೆ. ಮನೆಯವರಿಗೆ ‘ದೂರ ಎಷ್ಟು’ ಅಂತ ಕೇಳಬೇಡಿ. ಬೀದಿಯ ಹೆಸರು, ಸ್ತ್ರಾದುನ್‌ನಿಂದ ಬಾಗಿಲ ತನಕ ಎಷ್ಟು ಮೆಟ್ಟಿಲು, ಒಳಗೆ ಎಷ್ಟನೇ ಮಹಡಿ, ಇಷ್ಟನ್ನೂ ಅಂಕಿಯಲ್ಲೇ ಬರೆಸಿಕೊಳ್ಳಿ. ‘ಸ್ವಲ್ಪ’ ಅಂದರೆ ಬಿಟ್ಟುಬಿಡಿ. ಗೋಡೆಯ ಹೊರಗೆ ಲಪಾದ್ ಕಡೆ ಉಳಿದರೆ ಪಿಲೆ ಬಾಗಿಲ ತನಕ ಬಸ್ಸಿದೆ. ಅಲ್ಲೂ ಏರುಗಳಿವೆ, ಬಸ್ ನಿಲ್ದಾಣದ ಪಕ್ಕದ ಮನೆಯನ್ನೇ ಹಿಡಿಯಿರಿ.

ಕೋಟೆಗೋಡೆಯ ಮೇಲಿನ ಸುತ್ತು 1,940 ಮೀಟರ್. ನೆರಳು ಸಿಗುವುದು ಅಪರೂಪ, ಏರಿಳಿತ ಬೇಕಾದಷ್ಟು, ನಡೆಯುವುದು ಒಂದೇ ದಿಕ್ಕಿಗೆ. 2025ರ ಸೀಸನ್ನಿನಲ್ಲಿ ತಲೆಗೆ 40 ಯೂರೋ ಇತ್ತು. ಗೋಡೆಯ ಟಿಕೆಟ್ ಒಂದನ್ನೇ ಕೊಳ್ಳಬೇಡಿ, ಹೆಚ್ಚುಕಡಿಮೆ ಅದೇ ದುಡ್ಡಿಗೆ ಮ್ಯೂಸಿಯಂ, ಬಸ್ಸು ಎಲ್ಲ ಸೇರಿದ ನಗರದ ಪಾಸ್ ಸಿಗುತ್ತದೆ. ಬೆಳಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಹತ್ತಿಬಿಡಿ. ಆಮೇಲೆ ಕ್ರೂಸ್ ಹಡಗುಗಳ ಜನ ಗುಂಪುಗುಂಪಾಗಿ ಬಂದು ಪಿಲೆ ಬಾಗಿಲಲ್ಲೇ ಜಾಮ್. (1377ರಲ್ಲಿ ಇದೇ ಊರಿನವರು ಪ್ಲೇಗ್ ಇದ್ದ ಕಡೆಯಿಂದ ಬಂದವರನ್ನು 30 ದಿನ ಹೊರಗೇ ಇರಿಸುವ ಕಾನೂನು ಮಾಡಿದ್ದರು. ಮಧ್ಯಾಹ್ನದ ಸ್ತ್ರಾದುನ್ ನೋಡಿದಾಗ ಅದನ್ನು ಯಾಕೆ ತೆಗೆದರೋ ಅನ್ನಿಸಿತು.)

ಇನ್ನೊಂದು ಪೆಟ್ಟು ವೀಸಾದ್ದು. ಪಕ್ಕದ ದೇಶ ಮಾಂಟೆನೆಗ್ರೋದ ಕೋಟರ್ ಕೂಡ ಕೋಟೆಯೊಳಗಿನ ಬಂದರು, ದುಬ್ರೋವ್ನಿಕ್‌ನಿಂದ ಒಂದು ದಿನದಲ್ಲಿ ಹೋಗಿ ಬರಬಹುದು. ಬೀದಿಬದಿಯ ಟೂರ್ ಏಜೆಂಟ್ ಒಬ್ಬ, ‘ಷೆಂಗೆನ್ ವೀಸಾ ಇದ್ದರೆ ಸಾಕು’ (ಯುರೋಪಿನ ಹಲವು ದೇಶಗಳಿಗೆ ಒಂದೇ ಆಗುವ ವೀಸಾ ಅದು) ಅಂತ ನಾಲ್ವರಿಗೂ ಟಿಕೆಟ್ ಹರಿದ. ಹೋಗುವುದಕ್ಕೆ ಸಾಕು, ನಿಜ. ವಾಪಸ್ ಬರುವುದು ಹೇಗೆ? ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ಒಳಗಿದೆ, ಮಾಂಟೆನೆಗ್ರೋ ಹೊರಗೆ. ಅಲ್ಲಿಗೆ ಹೋಗಿ ವಾಪಸ್ ಬಂದರೆ ಅದು ಎರಡನೇ ಪ್ರವೇಶ. ಅಪ್ಪ-ಅಮ್ಮನ ವೀಸಾ ಸ್ಟಿಕ್ಕರಿನಲ್ಲಿ ‘ಎಷ್ಟು ಸಲ ಪ್ರವೇಶ’ ಅನ್ನುವ ಕಡೆ 01 ಅಂತಿತ್ತು. ಅಲ್ಲಿ ‘ಮಲ್ಟ್’ ಅಂತಲಾದರೂ ಇರಬೇಕು, 02 ಆದರೂ ಇರಬೇಕು. ಬಸ್ ಹತ್ತುವಾಗ ಗೈಡ್ ಪಾಸ್‌ಪೋರ್ಟ್ ತಿರುವಿ ನೋಡಿದ್ದಕ್ಕೆ ಬಚಾವಾದೆವು, ಇಲ್ಲದಿದ್ದರೆ ಗಡಿಯಾಚೆಯೇ ಸಿಕ್ಕಿಕೊಳ್ಳುತ್ತಿದ್ದರು. ಏಜೆಂಟ್ ದುಡ್ಡು ಕೊಡಲಿಲ್ಲ, ಮರುದಿನ ನಮ್ಮ ಗುರುತೂ ಹಿಡಿಯಲಿಲ್ಲ. ಇನ್ನೊಂದು ಪಕ್ಕದ ದೇಶ ಬೋಸ್ನಿಯಾದ ಮೊಸ್ತಾರ್ ಟೂರಿಗೂ ಇದೇ ತೊಂದರೆ, ಅಲ್ಲಿಗೆ ‘ಮಲ್ಟ್’ ಇರುವ ವೀಸಾನೇ ಬೇಕು. ಕ್ರೊಯೇಷಿಯಾದ್ದೇ ಊರಾದ ಸ್ಪ್ಲಿಟ್‌ನಿಂದ ರಸ್ತೆಯಲ್ಲಿ ಬರುವವರು, ಬಸ್ಸು ನಡುವೆ ಸಿಗುವ ಬೋಸ್ನಿಯಾದ ನೇಉಮ್ ಊರಿನ ಮೇಲೆ ಹೋಗುತ್ತದೋ ಅಥವಾ ಅದನ್ನು ಬಳಸಿ ಹೋಗಲು 2022ರಲ್ಲಿ ತೆರೆದ ಪೆಲ್ಯೆಶಾತ್ಸ್ ಸೇತುವೆ ಮೇಲೋ ಅಂತ ಕೇಳಿಯೇ ಟಿಕೆಟ್ ತಗೊಳ್ಳಿ.

ಮಂಡಿನೋವಿನವರು ಜೊತೆಗಿದ್ದರೆ ಅದೇ ದೇಶದ ಜದಾರ್ ನೋಡಿ. ಅದೂ ಕೋಟೆಗೋಡೆಯ ಬಂದರೇ, ಹಳೇ ಊರು ಇರುವ, ಸಮುದ್ರದೊಳಕ್ಕೆ ಚಾಚಿದ ನೆಲ ಬಹುಮಟ್ಟಿಗೆ ಸಮತಟ್ಟು. ಅಲೆ ಬಡಿದರೆ ಸ್ವರ ಹೊರಡಿಸುವ ಸಮುದ್ರದ ಆರ್ಗನ್ 2005ರಿಂದ ಅಲ್ಲಿದೆ, ಅದಕ್ಕೆ ಟಿಕೆಟ್ ಇಲ್ಲ. ಬೇಸಿಗೆಯಲ್ಲಿ ಜರ್ಮನಿಯ ಹಲವು ಊರುಗಳಿಂದ ನೇರ ವಿಮಾನವೂ ಇದೆ.